ಹೆಪ್ಪು ಕೊಟ್ಟಂತೆ ಕೊಟ್ಟ ನೆಟ್ಟು

ಶುಕ್ರವಾರ ಸಂಜೆ ಆರಕ್ಕೆ ನೆಟ್ಟು ಸರಿಯಾಗಿರುತ್ತದೋ ಇಲ್ಲವೋ ಎಂಬ ಚಿಂತೆ ಗಾನವಿಯನ್ನು ಭಾನುವಾರದಿಂದಲೇ ಅರೆಯುತ್ತಿತ್ತು. ಮಗುವಿಗೆ ರಾಗಿ ಸರಿ ಕಲಸುವಾಗಲೂ ಅದೇ, ಬಟ್ಟೆ ಹಿಂಡುವಾಗಲೂ ಅದೇ. ಮೈಸೂರಿನಲ್ಲಿ ಓದಿ ಅಜ್ಜಂಪುರಕ್ಕೆ ಸೊಸೆಯಾಗಿ ಬಂದವಳು, ಹತ್ತು ತಿಂಗಳಿಂದ ಮಗುವನ್ನು ಸೊಂಟದಿಂದ ಇಳಿಸಿದವಳಲ್ಲ. ಈಗ ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವ ಕೆಲಸವೊಂದು ಸಿಗುವ ಹಾಗಿತ್ತು. ಅದಕ್ಕೊಂದು ಪರೀಕ್ಷೆ, ಶುಕ್ರವಾರ ಆರರಿಂದ ಏಳು, ಕಂಪ್ಯೂಟರಿನಲ್ಲೇ. ಇದೂ ತಪ್ಪಿದರೆ ತಾನು ಓದಿದ್ದೆಲ್ಲ ಬಿಸ್ಕತ್ ಪೊಟ್ಟಣದ ಮೇಲಿನ ಅಕ್ಷರ ಓದುವುದಕ್ಕಷ್ಟೇ ಆಯಿತು ಎಂದುಕೊಂಡು ದಿನಕ್ಕೆ ನಾಲ್ಕು ಸಲ ಅಳುಮುಖ ಮಾಡುತ್ತಿದ್ದಳು.

ಮನೆಗೆ ಇದ್ದದ್ದು ಒಂದೇ ಇಂಟರ್‌ನೆಟ್ ಸಂಪರ್ಕ. ನಡುಮನೆಯ ಕಿಟಕಿಯ ಹತ್ತಿರ, ದೇವರ ಗೂಡಿನ ಪಕ್ಕದಲ್ಲಿ, ಹಸಿರು ದೀಪ ಮಿಣುಕಿಸುತ್ತ ಕೂತ ಬಿಳಿ ವೈಫೈ ಡಬ್ಬಿ. ಗಂಡ ಭೈರೇಶನದೊಂದು ಲ್ಯಾಪ್‌ಟಾಪು, ಅವಳದೊಂದು. ಎರಡಕ್ಕೆ ಧಾರಾಳವಾಗಿ ಸಾಲಬೇಕಾದ ನೆಟ್ಟು ತೆವಳುತ್ತಿತ್ತು. ಭಾನುವಾರ ಹುಡುಕಿ ನೋಡಿದರೆ, ಆ ಡಬ್ಬಿಯ ಪಂಕ್ತಿಯಲ್ಲಿ ಒಂಬತ್ತು ಜನ ಕೂತು ಉಣ್ಣುತ್ತಿದ್ದಾರೆ! ತಮ್ಮ ಕಂಪ್ಯೂಟರು, ಫೋನು ಸೇರಿ ನಾಲ್ಕಾದರೆ, ಉಳಿದ ಐದೂ ಪಕ್ಕದ ಮನೆಯ ಯಲ್ಲಮ್ಮನವರವು. ಅವರ ಮಗಳು ನಿಖಿತಾಳ ಲ್ಯಾಪ್‌ಟಾಪಂತೂ ಹೆಸರು ಸಮೇತ ಕೂತಿತ್ತು.

ಪಾಸ್‌ವರ್ಡ್ ಕೊಟ್ಟವರು ಅತ್ತೆ ಹುಲಿಗೆಮ್ಮ. ಅದರಲ್ಲಿ ಮುಚ್ಚಿಡುವಂಥದ್ದೇನಿದೆ ಎಂದು ಅವರಿಗೇ ಆಶ್ಚರ್ಯ.

"ಹೆಪ್ಪು ಕೇಳ್ದೋರಿಗೆ ಇಲ್ಲ ಅಂತೀವೇನೇ? ಒಂದ್ ಚಮಚ ಕೊಟ್ರೆ ನಮ್ಮ ಮೊಸರು ಕಮ್ಮಿ ಆಯ್ತದಾ?"

"ಇದು ಹೆಪ್ಪಲ್ಲ ಅತ್ತೆ, ಹಾಲು. ಇರೋದು ಒಂದೇ ಪಾತ್ರೆ. ಅವರು ಬಗ್ಗಿಸಿಕೊಂಡಷ್ಟೂ ನಮಗೆ ಕಮ್ಮಿ. ನಮ್ಮನೇದು ಗೋಡೆ ದಾಟಿ ಹೊರಗೆ ಹೋಗ್ತಾ ಇದೆ."

ಹಾಲು ಎಂದ ಕೂಡಲೇ ಹುಲಿಗೆಮ್ಮನವರ ಮುಖ ಗಂಭೀರವಾಯಿತು. ಡಬ್ಬಿಯನ್ನು ಮೊದಲ ಸಲ ಕಂಡವರಂತೆ ನೋಡಿದರು. ಗಾನವಿ ಅದನ್ನು ತನ್ನ ವಿಜಯವೆಂದೇ ತಿಳಿದಳು. ಇನ್ನು ಈ ಮನೆಯ ನೆಟ್ಟಿಗೆ ತಾನೇ ದಿವಾನಳು ಎಂದು ಘೋಷಿಸಿ, ಗಂಡನಿಗೂ ಬಾಯಿಪಾಠವಾಗದಂಥ ಹೊಸ ಪಾಸ್‌ವರ್ಡ್ ಜಡಿದಳು. ಪಕ್ಕದವರು ಬೇಜಾರು ಮಾಡಿಕೊಂಡಾರು ಎಂದು ಭೈರೇಶ ಗೊಣಗಿದ್ದಕ್ಕೆ, ಪರೀಕ್ಷೆ ಬರೆಯುವವಳು ನಾನೋ ನೀವೋ ಎಂದು ಕೇಳಿ ಸುಮ್ಮನಾಗಿಸಿದಳು.

ಸೋಮವಾರ ಯಲ್ಲಮ್ಮ ಕಾಂಪೌಂಡಿನ ಆಚೆಯಿಂದ, ನಿಖಿತಾಳಿಗೆ ನೆಟ್ಟೇ ಬರುತ್ತಿಲ್ಲವೆಂದು ಕೇಳಿದರು. ನಿಜ ಹೇಳಬೇಕೆಂದು ಬಾಯಿ ತೆರೆದ ಗಾನವಿ, "ಡಬ್ಬಿ ಸುಟ್ಟೋಗಿದೆ ಆಂಟಿ," ಎಂದುಬಿಟ್ಟಳು. ಹೇಳಿ ಒಳಗೆ ಬಂದರೆ ಸುಟ್ಟುಹೋದ ಡಬ್ಬಿ ಕಿಟಕಿಯಲ್ಲಿ ಹಸಿರಾಗಿ ನಗುತ್ತಿತ್ತು. ಕೈಗೆ ಸಿಕ್ಕಿದ್ದು ಮಗುವಿನ ಕುಲಾವಿ. ಪಕ್ಕದ ಮನೆಯ ಕಿಟಕಿಗೆ ದೀಪ ಕಾಣದಂತೆ ಅದನ್ನೇ ಡಬ್ಬಿಗೆ ತೊಡಿಸಿ ದಾರ ಬಿಗಿದಳು. ಅಂದಿನಿಂದ ಚಿಂತೆ ಎರಡಾಯಿತು. ಯಲ್ಲಮ್ಮ ಬಾಣಂತನದಲ್ಲಿ ಮಗುವಿಗೆ ನೀರೆರೆದು ಕೊಟ್ಟವರು. ಈಗ ಅವರ ಬಾಗಿಲು ಸದ್ದಾದರೂ ಗಾನವಿ ಅಡುಗೆಮನೆಗೆ ಓಡುತ್ತಿದ್ದಳು. ಗುರುವಾರ ಒಬ್ಬಾತ ಕಂಬ ಹತ್ತಿ ಅವರ ಮನೆಗೇ ಬೇರೆ ಸಂಪರ್ಕ ಎಳೆದುಕೊಟ್ಟು ಹೋದ.

ಶುಕ್ರವಾರ ಬಂತು. ಮಗು ಅಜ್ಜಿಯ ಮಡಿಲಲ್ಲಿ, ಗಾನವಿ ಕೋಣೆಯಲ್ಲಿ. ಅರವತ್ತು ಪ್ರಶ್ನೆಗಳಲ್ಲಿ ಮೂವತ್ತೆಂಟು ಮುಗಿದಿದ್ದವು. ಗಡಿಯಾರ ನೋಡುವುದೂ ನಿಂತಿತ್ತು. ಅಷ್ಟರಲ್ಲಿ ಪರದೆಯೂ ನಿಂತಿತು.

ನಡುಮನೆಗೆ ಓಡಿ ಬಂದರೆ ದೇವರ ಮುಂದೆ ದೀಪ ಉರಿಯುತ್ತಿದೆ, ಡಬ್ಬಿಯ ಹಸಿರು ದೀಪ ಆರಿದೆ. ಕುಲಾವಿಯನ್ನು ನೀಟಾಗಿ ಮಡಿಸಿ ಪಕ್ಕದಲ್ಲಿಟ್ಟಿದೆ.

"ನೀನೇ ಹೇಳ್ದಲ್ಲವ್ವ, ಹಾಲಿದ್ದಂಗೆ, ಆಚೆಗೆ ಹೋಯ್ತದೆ ಅಂತ," ಎಂದರು ಹುಲಿಗೆಮ್ಮ. "ಶುಕ್ರವಾರ ದೀಪ ಹಚ್ಚಿದ ಮ್ಯಾಲೆ ಹಾಲು, ಮೊಸರು, ಉಪ್ಪು ಯಾವತ್ತಾದ್ರೂ ಆಚೆಗೆ ಕೊಟ್ಟಿದ್ದೀನಾ ನಾನು? ಅದ್ಕೇ ಕಿತ್ತಿಟ್ಟೆ."

ಸ್ವಿಚ್ ಆರಿಸಿದ್ದರೆ ಬದುಕಬಹುದಿತ್ತು. ಅವರು ಕಿತ್ತದ್ದು ನೆಟ್ಟು ಬರುವ ಕೂದಲೆಳೆಯಂಥ ಹಳದಿ ತಂತಿ. ಅದು ಕುತ್ತಿಗೆಯಲ್ಲೇ ಮುರಿದಿತ್ತು. ಭೈರೇಶನಿಗೆ ಫೋನು ಮಾಡಿದರೆ, ತಂತಿ ಕೂಡಿಸುವವನು ತರೀಕೆರೆಯಿಂದ ಬರಬೇಕು, ನಾಳೆಯೇ ಎಂದ. ಮೊಬೈಲಿನ ನೆಟ್ಟು ಆ ಓಣಿಯಲ್ಲಿ ಮಾತಿಗಷ್ಟೇ. ಏಳರೊಳಗೆ ಮತ್ತೆ ಒಳಹೊಕ್ಕರೆ ಪರೀಕ್ಷೆ ಮುಂದುವರಿಸಬಹುದಿತ್ತು. ಉಳಿದದ್ದು ಇಪ್ಪತ್ತೆರಡು ಪ್ರಶ್ನೆ, ಇಪ್ಪತ್ತೈದು ನಿಮಿಷ.

ಎದುರು ಕಿಟಕಿಯಲ್ಲಿ ಯಲ್ಲಮ್ಮನವರ ಹೊಸ ಡಬ್ಬಿ ಹಸಿರಾಗಿ ಮಿಣುಕುತ್ತಿತ್ತು. ಗಾನವಿ ಫೋನು ಕೈಗೆತ್ತಿಕೊಂಡಳು, ಇಟ್ಟಳು. ಮತ್ತೆ ಎತ್ತಿಕೊಂಡಳು. ಮೂರು ನಿಮಿಷ ನಾಚಿಕೆಗೇ ಹೋಯಿತು. ಕೊನೆಗೆ ಕಣ್ಣು ಮುಚ್ಚಿ ಒತ್ತಿದಳು.

"ಆಂಟಿ, ನಿಮ್ಮ ಪಾಸ್‌ವರ್ಡ್... ಅರ್ಧ ಗಂಟೆಗೆ ಮಾತ್ರ."

ಆ ಕಡೆ ಪೂಜೆಯ ಗಂಟೆ ನಿಂತಿತು.

"ಈಗ ತಾನೇ ದೀಪ ಹಚ್ಚಿದ್ವಲ್ಲವ್ವ. ನೆಟ್ಟೂ ಹಾಲಿದ್ದಂಗೆ, ಶುಕ್ರವಾರ ಆಚೆಗೆ ಕೊಡಂಗಿಲ್ಲ ಅಂತ ಬೆಳಿಗ್ಗೆ ನಿಮ್ಮತ್ತೇನೇ ಹೇಳಿದ್ರು."

ಗಾನವಿ ಬಿಕ್ಕಿದಳು. ಅದು ಆ ಕಡೆಗೂ ಕೇಳಿಸಿತೇನೋ.

"ಅಳಬ್ಯಾಡ. ಕಂಪ್ಯೂಟ್ರು ಎತ್ಕಂಡು ಇಲ್ಲೇ ಬಾ. ನಮ್ಮನೇಲಿ ಕೂತು ಉಂಡ್ರೆ ಆಚೆಗೆ ಕೊಟ್ಟಂಗಲ್ಲ," ಎಂದರು ಯಲ್ಲಮ್ಮ. ಕಂಪ್ಯೂಟರನ್ನು ಕಂಕುಳಿಗೆ ಸೇರಿಸಿ ಗಾನವಿ ಹೊಸ್ತಿಲು ದಾಟುತ್ತಿದ್ದಂತೆ ಫೋನಿನಲ್ಲಿ ಮತ್ತೆ ಅದೇ ದನಿ:

"ಅಂದಂಗೆ, ಸೋಮವಾರವೇ ಸುಟ್ಟೋದ ಡಬ್ಬಿಗೆ ಕುಲಾವಿ ಯಾಕವ್ವ ಹಾಕಿದ್ದೆ? ಚಳಿ ಆಯ್ತಿತ್ತಾ?"