ಬಲಭುಜದ ಹೂವು

ದ್ಯಾಮವ್ವನ ಗುಡಿಯ ಸ್ಪೀಕರನ್ನು ಸಿದ್ದೇಶನ ಮಲಗುವ ಕೋಣೆಯ ಕಿಟಕಿಗೆ ಮುಖ ಮಾಡಿ ಕಟ್ಟಿದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ. ಬ್ಯಾಡಗಿಯ ಆ ಓಣಿಯಲ್ಲಿ ದೇವಿ ಏಳುವುದು ಬೆಳಗಿನ ಐದಕ್ಕೆ. ಆದರೆ ಅವಳನ್ನು ಎಬ್ಬಿಸುವ ಹಾಡು ಗುಡಿಗಿಂತ ಸಿದ್ದೇಶನ ಹಾಸಿಗೆಗೇ ಚೆನ್ನಾಗಿ ಕೇಳುತ್ತಿತ್ತು. ಸ್ಪೀಕರಿಗೆ ವಯಸ್ಸಾಗಿದ್ದರಿಂದ, ಗಂಟಲಲ್ಲಿ ಮೆಣಸಿನಕಾಯಿ ಸಿಕ್ಕಿಕೊಂಡವನು ಮಂಗಳಾರತಿ ಹಾಡಿದಂತಿತ್ತು ಆ ಸದ್ದು.

ಅವತ್ತು ಹೆಂಡತಿ ಭುವನಾ ಎಳೆಗೂಸನ್ನು ಎತ್ತಿಕೊಂಡು ಬಂದು ಕಡೆಯ ಮಾತು ಹೇಳಿಬಿಟ್ಟಳು.

“ಇವತ್ತ ಅದರ ಮಾರಿ ಆ ಕಡಿ ತಿರುಗಬೇಕು. ಇಲ್ಲಂದ್ರ ಕೂಸು ಕರ್ಕೊಂಡು ಅಗಡಿಗೆ ನಮ್ಮವ್ವನ ಮನೀಗೆ ಹೊಂಟೆ.”

ಸಿದ್ದೇಶ ತಾನು ದುಡಿಯುವ ರಾಣೇಬೆನ್ನೂರಿನ ಬೀಜದಂಗಡಿಗೆ ರಜೆ ಹೇಳಿ, ಗುಡಿ ಕಮಿಟಿಯ ಹಿರಿಯಳಾದ ನೀಲಗಂಗವ್ವನ ಮುಂದೆ ಕೈಮುಗಿದು ನಿಂತ.

“ಸ್ಪೀಕರ್ ನಂದಲ್ಲಪಾ, ದೇವೀದು,” ಎಂದಳು ಆಕೆ. “ತಿರುಗಸೂದೋ ಬ್ಯಾಡೋ, ಆಕೀನ್ನ ಕೇಳೋಣು. ಪೂಜಾ ಆದಮ್ಯಾಲ ಬಾ.”

ಕೇಳುವ ಪದ್ಧತಿ ಸರಳ. ದೇವಿಯ ಎರಡು ಭುಜಗಳ ಮೇಲೆ ಹೂವಿಡುವುದು. ಬಲದ್ದು ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ. ನಲ್ಲಿಯ ಜಗಳದಿಂದ ಹಿಡಿದು ಮದುವೆಯ ಮಾತಿನವರೆಗೆ ಓಣಿಯ ಸಮಸ್ಯೆಗಳೆಲ್ಲ ಹೀಗೇ ಬಗೆಹರಿಯುತ್ತಿದ್ದವು. ಯಾರೂ ತಲೆ ಓಡಿಸಬೇಕಾಗಿರಲಿಲ್ಲ. ಅದು ಎಲ್ಲರಿಗೂ ಒಗ್ಗಿಹೋಗಿತ್ತು.

ಸಿದ್ದೇಶ ನೇರವಾಗಿ ಪೂಜಾರಿ ಶಂಕ್ರಪ್ಪನ ಬಳಿಗೆ ಓಡಿದ.

“ಬಲದ ಹೂವು ಉಸಿರು ಬಿಟ್ಟರೂ ಬೀಳಬೇಕ್ರಿ. ಎಡದ್ದು ಭೂಕಂಪಾದ್ರೂ ಅಲ್ಲಾಡಬಾರದು.”

“ದೇವಿ ಮುಂದ ಮೋಸಾ?” ಎಂದು ಶಂಕ್ರಪ್ಪ ಕಣ್ಣರಳಿಸಿದ. ಆಮೇಲೆ ಅತ್ತಿತ್ತ ನೋಡಿ ಹತ್ತಿರ ಬಂದ. “ಆತು. ಅದನ್ನ ಕೇಳಿ ಕೇಳಿ ನನಗೂ ಒಂದ ಕಿವಿ ಹೋಗೇತಿ.”

ಹೂವು ನಿಲ್ಲಲೆಂದು ಹಚ್ಚುವ ದೇವಿಯ ಗಂಧವನ್ನು ಪೂರ್ತಿ ನಂಬುವಷ್ಟು ಭಕ್ತಿ ಸಿದ್ದೇಶನಲ್ಲಿರಲಿಲ್ಲ. ಬೀಜದ ಪ್ಯಾಕೆಟ್ ಅಂಟಿಸುವ ಅಂಟನ್ನು ಮನೆಯಿಂದ ತಂದು, ಎಡದ ಹೂವಿಗೆ ತಾನೇ ಹಚ್ಚಿ ದೇವಿಯ ಭುಜಕ್ಕೆ ಒತ್ತಿದ.

ಪೂಜೆ ಮುಗಿಯುವ ಹೊತ್ತಿಗೆ ಓಣಿಯೆಲ್ಲ ಗುಡಿಯಲ್ಲಿ ಸೇರಿತ್ತು. ಸ್ಪೀಕರ್ ರಿಪೇರಿಯ ರಹಿಮಾನಸಾಬ ಏಣಿ ಹೊತ್ತು ಬಾಗಿಲಾಚೆ ನಿಂತಿದ್ದ. ಭುವನಾ ಕೂಸಿನೊಂದಿಗೆ ಕಂಬಕ್ಕೆ ಒರಗಿದ್ದಳು. ನೀಲಗಂಗವ್ವ ಸೆರಗು ಹೊದ್ದು ಕಣ್ಣು ಮುಚ್ಚಿದಳು.

“ತಾಯಿ, ಸ್ಪೀಕರ್ ಈಗ ಹೆಂಗೈತೋ ಹಂಗ ಇರಬೇಕಂದ್ರ ಬಲಕ್ಕ ಕೊಡವ್ವಾ.”

ಸಿದ್ದೇಶ ದಡಕ್ಕನೆ ಮುಂದೆ ಬಂದ. ಅವನು ಉತ್ತರವನ್ನು ಸರಿ ಮಾಡಿಟ್ಟಿದ್ದನೇ ಹೊರತು ಪ್ರಶ್ನೆಯನ್ನಲ್ಲ. ಬಲದ ಹೂವು ಟಪ್ಪನೆ ಬಿತ್ತು.

“ಯವ್ವಾ, ಇನ್ನೊಮ್ಮೆ ಕೇಳ್ರಿ! ಗಾಳಿಗೆ ಬಿತ್ತದು!”

“ಆತು. ತಾಯಿ, ತಿರುಗಸಬೇಕಂದ್ರ ಎಡಕ್ಕ ಕೊಡವ್ವಾ.”

ಎಲ್ಲರೂ ಎಡದ ಹೂವನ್ನೇ ನೋಡಿದರು. ಸಿದ್ದೇಶನಂತೂ ಜೀವನದಲ್ಲಿ ಮೊದಲ ಸಲ ಮನಸಾರೆ ಬೇಡಿಕೊಂಡ. ಗಂಟೆ ಬಾರಿಸಿದರು, ಕಾಯಿ ಒಡೆದರು. ನೊಣವೊಂದು ಹೂವಿನ ಮೇಲೆ ಕೂತು, ಕಾಲು ಉಜ್ಜಿಕೊಂಡು, ಹಾರಿಹೋಯಿತು. ಹೂವು ಕದಲಲಿಲ್ಲ, ಅಂಟಿಗೆ ಭಕ್ತರ ಕಷ್ಟ ಗೊತ್ತಾಗುತ್ತಿರಲಿಲ್ಲ.

“ನೋಡಿದ್ರೇನು, ತಾಯಿ ಎಷ್ಟ ಗಟ್ಟಿ ಹಿಡದಾಳ!” ನೀಲಗಂಗವ್ವ ಗದ್ಗದಿತಳಾದಳು. “ಅವ್ವಾ, ಒಂದ ಸ್ಪೀಕರ್ ಸಾಲದೇನು? ಇನ್ನೊಂದು ಬೇಕಂದ್ರ…”

ಸಿದ್ದೇಶ ‘ಬ್ಯಾಡ, ಬ್ಯಾಡ’ ಎಂದು ಪಿಸುಗುಟ್ಟುತ್ತ ಶಂಕ್ರಪ್ಪನಿಗೆ ಕೈ ಬೀಸಿದ. ಹಾಳಾದ ಕಿವಿಯ ಶಂಕ್ರಪ್ಪ ಅದನ್ನು ‘ಲಗೂ, ಲಗೂ’ ಎಂಬ ಅವಸರವೆಂದು ತಿಳಿದು ಬಲಭುಜಕ್ಕೆ ಹೊಸ ಹೂವಿಟ್ಟ. ನೀಲಗಂಗವ್ವನ ಮಾತು ಮುಗಿಯುವ ಮೊದಲೇ ಅದು ಬಿತ್ತು. ಜನ ಜಯಕಾರ ಹಾಕಿದರು. ಭುವನಾ ಅದೇ ಜಯಕಾರದ ನಡುವೆ ಹೊರಟು, ಮುಂದಿನ ಬಸ್ಸಿಗೇ ಅಗಡಿಯ ದಾರಿ ಹಿಡಿದಳು.

ಸಂಜೆ ರಹಿಮಾನಸಾಬ ಸಿದ್ದೇಶನ ಮಾಳಿಗೆ ಹತ್ತಿ ಹೊಸ ಸ್ಪೀಕರ್ ಕಟ್ಟುತ್ತಿದ್ದ. “ನಿಮ್ಮ ಮಾಳಗೀನ ಎತ್ತರ ಐತ್ರಿ,” ಎಂದು ಸಮಾಧಾನ ಹೇಳಿದ. ಪರೀಕ್ಷೆಗೆಂದು ಹಾಡು ಹಚ್ಚಿದಾಗ ಸಿದ್ದೇಶನ ಫೋನು ನಡುಗಿತು. ಅಗಡಿಯಿಂದ ಅತ್ತೆ ಶಾರದವ್ವ.

“ಅಳಿಯಂದ್ರ, ಕೂಸು ಬಂದಾಗಿನಿಂದ ಒಂದಸವನ ಹೊಯ್ಕೊಳ್ಳಾಕತ್ತೇತ್ರಿ. ಔಷಧ ಆತು, ದೃಷ್ಟಿ ತೆಗೆದದ್ದಾತು… ತಡೀರಿ, ತಡೀರಿ! ಅದೇನ್ರಿ ಸಪ್ಪಳ?”

“ಸ್ಪೀಕರ್ರಿ.”

“ಕೂಸು ಸುಮ್ಮನಾತು ನೋಡ್ರಿ! ಅಯ್ಯ, ಕಣ್ಣ ಮುಚ್ಚಾಕತ್ತೇತಿ!”

ಫೋನು ಭುವನಾಳ ಕೈಗೆ ಹೋಯಿತು. ದಿನವೆಲ್ಲ ಅತ್ತ ಕೂಸನ್ನು ಹೊತ್ತವಳ ದನಿ ಸೋತಿತ್ತು.

“ಹಂಗ ಹಿಡಕೊಂಡು ನಿಂದ್ರಿ. ಅಲ್ಲಾಡಬ್ಯಾಡ್ರಿ. ಅಂದಂಗ, ಹೊಸಾದು ಬ್ಯಾಡ, ಆ ಗರಗರ ಅನ್ನೂದು ಐತಲ್ಲ, ಅದರ ಹತ್ರ ಹಿಡೀರಿ. ಮುಂಜಾನೆ ಐದಕ್ಕೂ ಅಷ್ಟ.”

ಸಿದ್ದೇಶ ರಹಿಮಾನಸಾಬನ ಏಣಿಯನ್ನು ಗುಡಿಗೆ ಒಯ್ದು ಹತ್ತಿ, ಹಳೆಯ ಸ್ಪೀಕರಿನ ಬಾಯಿಗೆ ಫೋನು ಹಿಡಿದು ನಿಂತ. ಕೆಳಗೆ ಗುಡಿಕಟ್ಟೆಯ ಮೇಲಿದ್ದ ನೀಲಗಂಗವ್ವ ಅವನನ್ನು ನೋಡಿ ಕಣ್ಣೊರೆಸಿಕೊಂಡಳು.

“ಪಾಪ, ತಾಯಿ ಬುದ್ಧಿ ಕೊಟ್ಟಳು. ಊರಾಗಿಲ್ಲದವರಿಗೂ ದೇವಿ ಹಾಡು ಕೇಳಸಾಕತ್ತಾನ!”