ಜರ್ಮನಿ ಹುಡುಗನ ಜೋಡಿ ರವಿವಾರದ ತಿರುಗಾಟ

ಜಾಣನಂತೆ ಕಾಣಿಸಬೇಕು ಎಂದು ಮನೆಯಿಂದ ಹೊರಟ ದಿನವೇ ನಾನು ಪೆದ್ದನಾಗಿ ವಾಪಸ್ ಬರುತ್ತೇನೆ. ಒಂದೆರಡು ಸಲ ಹೀಗಾಗಿದ್ದರೆ ಗ್ರಹಚಾರ ಅನ್ನಬಹುದಿತ್ತು. ಜೀವಮಾನವಿಡೀ ಆಗುತ್ತಲೇ ಬಂದದ್ದರಿಂದ ಸ್ವಭಾವ ಅನ್ನಲೇಬೇಕು. ಅದರಲ್ಲೂ ಎಂಬತ್ತರ ದಶಕದ ಆರಂಭದ ಒಂದು ವರ್ಷವಂತೂ ಇಂಥ ಫಜೀತಿಗಳಿಗೆ ಸುಗ್ಗಿಯ ಕಾಲ.

ಆಗ ನಾನು ಶಿಗ್ಗಾಂವದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಊರು ಹತ್ತಿಮತ್ತೂರು, ವಯಸ್ಸು ಇಪ್ಪತ್ತಾರು, ಲಗ್ನ ಆಗಿರಲಿಲ್ಲ. ಒಂದು ದಿನ ಪ್ರಿನ್ಸಿಪಾಲರು ಕರೆದು, ಜರ್ಮನಿಯ ಒಬ್ಬ ವಿದ್ಯಾರ್ಥಿ ನಮ್ಮ ಕಡೆಯ ಹಳೇ ಗುಡಿ, ಶಾಸನಗಳ ಅಭ್ಯಾಸಕ್ಕೆ ಬರುತ್ತಾನೆ, ಒಂದು ವರ್ಷ ಶಿಗ್ಗಾಂವದಲ್ಲೇ ಖೋಲಿ ಹಿಡಿದು ಇರುತ್ತಾನೆ ಎಂದರು.

"ವಾರದಾಗ ಅವ ತನ್ನ ಅಭ್ಯಾಸ ತಾ ಮಾಡ್ಕೋತಾನ. ರವಿವಾರ ಅವನ್ನ ಸುತ್ತಮುತ್ತ ತಿರುಗಾಡಿಸೂದು ನಿಮ್ಮ ಕೆಲಸ. ಪರದೇಶದವರಿಗೆ ತಿಳಿಯೂ ಹಂಗ ಇಂಗ್ಲಿಷ್ ಮಾತಾಡವ್ರು ನಮ್ಮೊಳಗ ನೀವೊಬ್ರ."

ನನ್ನ ಇಂಗ್ಲಿಷನ್ನು ಅಲ್ಲಿಯತನಕ ಒಬ್ಬ ಪರದೇಶದವನೂ ಕೇಳಿರಲಿಲ್ಲ. ಆ ವಿಷಯ ನಾನು ಅವರಿಗೆ ನೆನಪು ಮಾಡಿಕೊಡಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಸ್ವಾಗತ

ಸ್ವಾಗತಕ್ಕೆಂದು ಇಂಗ್ಲಿಷಿನಲ್ಲಿ ಒಂದು ಭಾಷಣ ಬರೆದೆ. ಮೂರು ದಿನ ಕನ್ನಡಿ ಮುಂದೆ ನಿಂತು ಬಾಯಿಪಾಠ ಮಾಡಿದೆ. ಬರುವ ದಿನ ಹೂವಿನ ಮಾಲೆ ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ಹೋದರೆ ನನ್ನ ಕ್ಲಾಸಿನ ಅರ್ಧ ಹುಡುಗರು ಅಲ್ಲೇ ಇದ್ದರು. ಮಾಸ್ತರು ಬೆಳ್ಳನವನ ಜೋಡಿ ಇಂಗ್ಲಿಷ್ ಮಾತಾಡುವುದನ್ನು ನೋಡಬೇಕಲ್ಲ!

ಹುಬ್ಬಳ್ಳಿ ಬಸ್ಸು ಬಂತು. ಬಾಗಿಲಲ್ಲಿ ತಲೆ ಬಗ್ಗಿಸಿ ಒಬ್ಬ ಎತ್ತರದ ಹುಡುಗ ಇಳಿದ. ಜುಬ್ಬಾ, ಹೆಗಲಿಗೊಂದು ಚೀಲ. ನಾನು ಮಾಲೆ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ಭಾಷಣ ಶುರು ಮಾಡಿದೆ. ಒಂದು ಶಬ್ದ ತಪ್ಪಲಿಲ್ಲ. ಅವನು ಕೈಮುಗಿದುಕೊಂಡು ಕೊನೆಯವರೆಗೂ ಕೇಳಿದ. ಕೇಳಿ, ಬಹಳ ಸಂಕೋಚದಿಂದ ಹೇಳಿದ:

"ಕ್ಷಮಿಸಬೇಕು ಸ್ವಾಮಿ. ನನಗೆ ಇಂಗ್ಲಿಷ್ ಚೆನ್ನಾಗಿ ಬಾರದು. ದಯಮಾಡಿ ತಾವು ಕನ್ನಡದಲ್ಲಿ ಅಪ್ಪಣೆ ಕೊಡಿಸೋಣಾಗಲಿ."

ಅವನು ತನ್ನ ಊರಲ್ಲಿ ನೂರು ವರ್ಷ ಹಳೆಯದಾದ ಒಂದು ವ್ಯಾಕರಣ ಪುಸ್ತಕ ಇಟ್ಟುಕೊಂಡು ಕನ್ನಡ ಕಲಿತಿದ್ದನಂತೆ. ಹುಡುಗರೆಲ್ಲ ಮುಖ ಮುಖ ನೋಡಿಕೊಂಡರು. ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಕರುಣೆಯಿಂದ ನನ್ನ ಕಡೆ ನೋಡಿದ.

"ಅವರಿಗೆ ಕನ್ನಡ ಬರ್ತೈತ್ರಿ. ಹುಬ್ಬಳ್ಳಿಯಿಂದ ನನ್ನ ಜೋಡಿ ಮಾತಾಡ್ಕೋತನ ಬಂದಾರ. ಅದಿರಲಿ, ತಾವು ಯಾವ ದೇಶದವ್ರರಿ?"

ಸವಣೂರಿನ ಮರ

ಮೊದಲನೇ ರವಿವಾರ ಸವಣೂರಿಗೆ ಹೋದೆವು. ಅಲ್ಲಿ ಮಠದ ಅಂಗಳದಲ್ಲಿ ಆನೆಯ ಮೈಯಂಥ ಕಾಂಡದ ದೊಡ್ಡ ಹುಣಸೆ ಮರಗಳಿವೆಯಲ್ಲ, ಅವನ್ನು ಅವನು ನೋಡಬೇಕಾಗಿತ್ತು. ಬಿಸಿಲು ಜೋರಾಗಿತ್ತು. ದಾರಿಯಲ್ಲಿ ವೀಳ್ಯದೆಲೆ ಮಾರುವ ಅಜ್ಜಿಯೊಬ್ಬಳ ಕಟ್ಟೆಯ ಮೇಲೆ ನಾನು ಕುಂತೆ. ಅವನು ನಿಂತುಕೊಂಡೇ ಅಜ್ಜಿಗೆ ಕೈಮುಗಿದು, "ತಾಯೇ, ತಮ್ಮ ಎಲೆಗಳು ಬಹು ಮನೋಹರವಾಗಿವೆ. ತಮಗೆ ಮಂಗಳವಾಗಲಿ" ಎಂದ.

ಅಜ್ಜಿ ಗಡಬಡಿಸಿ ಎದ್ದು, ತಲೆ ಮೇಲೆ ಸೆರಗು ಹೊತ್ತು, ಅವನ ಕಾಲಿಗೆ ಬಿದ್ದಳು. ಆಮೇಲೆ ನನ್ನ ಕಡೆ ತಿರುಗಿ ಗದರಿದಳು. "ಸ್ವಾಮಿಗೋಳು ನಿಂತಾರ, ನೀ ಕುಂತೀಯಲ್ಲೋ! ಏಳ ಮ್ಯಾಲೆ!"

ನಾನು ಎದ್ದೆ. ಸ್ವಾಮಿಗಳು ಕುಂತರು.

ಮರದ ಹತ್ತಿರ ಹೋದಾಗ ಅದರ ಸುತ್ತಳತೆ ಎಷ್ಟು ಎಂದು ಅವನಿಗೆ ತಿಳಿಯಬೇಕಾಯಿತು. ಟೇಪು ಮರೆತು ಬಂದಿದ್ದ. "ಟೇಪು ಯಾಕ? ನಮ್ಮ ಹಿರೇರು ತೋಳಿಲೆ ಅಳೀತಿದ್ರು" ಎಂದೆ. ಹಿರಿಯರು ಹಾಗೆ ಅಳೆದದ್ದನ್ನು ನಾನು ಎಲ್ಲೂ ಕೇಳಿರಲಿಲ್ಲ, ಆ ಕ್ಷಣಕ್ಕೆ ಹೊಳೆಯಿತು ಅಷ್ಟೆ. ಇಬ್ಬರೂ ಕೈ ಹಿಡಿದು ಮರ ಅಪ್ಪಿಕೊಂಡೆವು. ಕಾಲು ಭಾಗವೂ ಮುಗಿಯಲಿಲ್ಲ. ಹೋಗಿ ಬರುವವರನ್ನೆಲ್ಲ ಕೂಗಿ ಕರೆದು ಕೈ ಕೈ ಹಿಡಿಸಿದೆ. ಸಂತೆಗೆ ಬಂದವರು, ಮಠಕ್ಕೆ ಬಂದವರು, ಒಬ್ಬ ಪೋಸ್ಟಮನ್. ಒಂಬತ್ತನೆಯವನು ಬಂದ ಮೇಲೆ ಸುತ್ತು ಕೂಡಿತು. ಅವನು ಸುತ್ತಿನಿಂದ ಹೊರಗೆ ಬಂದು ಎಲ್ಲರ ತೋಳನ್ನೂ ಗೇಣು ಹಾಕಿ ಅಳೆದು ಬರೆದುಕೊಳ್ಳುತ್ತಿದ್ದರಿಂದ ಬಹಳ ಹೊತ್ತು ಕೆನ್ನೆಯನ್ನು ತೊಗಟೆಗೆ ಹಚ್ಚಿ ಹಾಗೆಯೇ ನಿಂತಿದ್ದೆವು.

ಮುಂದಿನ ವಾರ ಹತ್ತಿಮತ್ತೂರಿನಿಂದ ನಮ್ಮ ಅವ್ವ ಬಸ್ಸು ಹತ್ತಿ ಶಿಗ್ಗಾಂವಕ್ಕೆ ಬಂದಳು.

"ನನ್ನ ಸವಣೂರಿಗೆ ಕರಕೊಂಡು ನಡಿ. ಅಲ್ಲಿ ದೊಡ್ಡಹುಣಸಿ ಅಪ್ಪಿಕೊಂಡ್ರ ಸೊಂಟನೋವು ಹೋಗತೈತಂತ. ಬೆಳ್ಳನ ಸ್ವಾಮಿಗೋಳೊಬ್ರು ಬಂದು ತೋರಿಸಿಕೊಟ್ಟಾರಂತ."

"ಅವ್ವಾ, ಅದು ಅಳತಿ ಮಾಡಿದ್ದು. ನಾನೂ ಅಲ್ಲೇ ಇದ್ದೆ."

"ನೀ ಇದ್ದದ್ದೂ ಗೊತ್ತೈತಿ. ಸ್ವಾಮಿಗೋಳ ಶಿಷ್ಯಾ ಒಬ್ಬ ಒದರ್‍ಯಾಡಿ ಮಂದೀನ ಕೂಡಿಸಾಕತ್ತಿದ್ದ ಅಂದ್ರು."

ಕರೆದುಕೊಂಡು ಹೋದೆ. ಅಲ್ಲಿ ಅದಾಗಲೇ ನಾಲ್ಕು ಜನ ಮರ ಅಪ್ಪಿಕೊಂಡು ನಿಂತಿದ್ದರು. ಅವ್ವನೂ ಅಪ್ಪಿಕೊಂಡಳು. ಆಕೆಯ ಸೊಂಟನೋವು ನಿಜವಾಗಿಯೂ ಕಡಿಮೆಯಾಯಿತು. ನನಗೆ ಮಾತ್ರ ಮೊದಲನೇ ಸಲ ಅಪ್ಪಿಕೊಂಡಾಗ ಹಿಡಿದ ಹೆಗಲು ಹದಿನೈದು ದಿನ ಬಿಡಲಿಲ್ಲ.

ಹಾನಗಲ್ಲಿನ ಕುಶಲೋಪರಿ

ಹಾನಗಲ್ಲಿನ ಗುಡಿ ನೋಡಿಕೊಂಡು ಬಸ್ ಸ್ಟ್ಯಾಂಡಿಗೆ ಬಂದಾಗ ನನ್ನ ಹೈಸ್ಕೂಲ್ ಗೆಳೆಯನೊಬ್ಬ ಎದುರಾದ. ಎಂಟು ವರ್ಷದ ಮೇಲೆ ಕಂಡಿದ್ದ. ಓಡಿಹೋಗಿ ಅವನನ್ನು ತಬ್ಬಿಕೊಂಡು, "ಏನಲೇ ಹಲ್ಕಟ್, ಇನ್ನೂ ಜೀವಂತ ಅದೀಯೇನಲೇ!" ಎಂದೆ.

ಜರ್ಮನಿ ಹುಡುಗ ಟಿಪ್ಪಣಿ ಪುಸ್ತಕ ತೆಗೆದ. "ಗುರುಗಳೇ, ಇದರ ಅರ್ಥವೇನು?"

ಇಷ್ಟು ದಿನ ಗುರುಗಳೇ ಅನ್ನಿಸಿಕೊಂಡವನಿಗೆ ಇದು ಬೈಗುಳ ಎಂದು ಹೇಳಲು ಬಾಯಿ ಬರಲಿಲ್ಲ. "ಬಹಳ ಬೇಕಾದವರು ಬಹಳ ದಿನದ ಮೇಲೆ ಕಂಡಾಗ ನಮ್ಮ ಕಡೆ ಹಿಂಗ ಆರೋಗ್ಯ ಕೇಳ್ತಾರ" ಎಂದೆ. ಅವನು ಬರೆದುಕೊಂಡ.

ಆಗ ನಮ್ಮ ಪ್ರಿನ್ಸಿಪಾಲರು ವಿಷಮಜ್ವರ ಹಿಡಿದು ಒಂದು ತಿಂಗಳು ರಜೆಯಲ್ಲಿದ್ದರು. ಅವರು ತಿರುಗಿ ಬಂದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಸೇರಿ ಹಾರ ಹಾಕಿದೆವು. ಜರ್ಮನಿ ಹುಡುಗನೂ ಬಂದಿದ್ದ. ಅವನಿಗೆ ಅವರ ಮೇಲೆ ಬಹಳ ಗೌರವ. ಮುಂದೆ ಬಂದು, ಕೈಮುಗಿದು, ಕಣ್ಣಲ್ಲಿ ನೀರು ತುಂಬಿಕೊಂಡು, ನನ್ನ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದ.

ಪ್ರಿನ್ಸಿಪಾಲರು ಅವನ ಬೆನ್ನು ತಟ್ಟಿ, "ಅದೇನಿಪಾ, ಇನ್ನೂ ಜೀವಂತ ಅದೇನಿ" ಎಂದರು. ಆಮೇಲೆ ಇಡೀ ಸ್ಟಾಫನ್ನು ಒಂದು ಸುತ್ತು ನೋಡಿ ನನ್ನ ಮೇಲೆ ಕಣ್ಣು ನಿಲ್ಲಿಸಿದರು.

"ಕಲಿಸಿದವರು ಯಾರಂತ ನಾ ಕೇಳೂದಿಲ್ಲ. ಉಚ್ಚಾರ ಹತ್ತಿಮತ್ತೂರಿಂದು ಐತಿ."

ಹಿರೇಕೆರೂರಿನ ಸಾಕ್ಷಿ

ಹಿರೇಕೆರೂರಿನಲ್ಲಿ ನನಗೊಂದು ಹೆಣ್ಣು ಗೊತ್ತು ಮಾಡಲು ಅಪ್ಪ ಹವಣಿಸಿದ್ದ. ನೋಡಲು ಹೋಗುವ ರವಿವಾರ ಅಪ್ಪನ ಜೋಡಿ ಜರ್ಮನಿ ಹುಡುಗನನ್ನೂ ಕರೆದುಕೊಂಡೆ. ಪರದೇಶದವನು ನನ್ನನ್ನು ಗುರುಗಳೇ ಎಂದು ಕರೆಯುವುದನ್ನು ಹೆಣ್ಣಿನ ಕಡೆಯವರು ಕೇಳಲಿ ಎಂಬ ಆಸೆ.

ಕೇಳಿದರು. ಆದರೆ ಮನೆಯಲ್ಲಿದ್ದ ಒಂದೇ ಕೈಕುರ್ಚಿ ಅವನಿಗೆ ಹೋಯಿತು. ನನಗೆ ಸಿಕ್ಕಿದ್ದು ಜ್ವಾಳದ ಚೀಲದ ಪಕ್ಕ ಚಾಪೆಯ ತುದಿ. ಹುಡುಗಿ ಚಹಾ ಕೊಟ್ಟು ಒಳಗೆ ಹೋದಳು. ನಾನು ನೋಡಿದೆ, ಬಹಳ ಹಿಡಿಸಿತು. ಅಷ್ಟರಲ್ಲೇ ಹುಡುಗಿಯ ಅಪ್ಪ ಜರ್ಮನಿ ಹುಡುಗನ ಕಡೆ ತಿರುಗಿದರು.

"ಸಾಹೇಬ್ರ, ನಮ್ಮ ಮಂದೀನ್ನ ಕೇಳಿದ್ರ ಎಲ್ಲಾರೂ ಚಲೋ ಅಂತನ ಹೇಳ್ತಾರ. ನೀವು ನಮ್ಮ ಕಡೇವ್ರೂ ಅಲ್ಲ, ಅವರ ಕಡೇವ್ರೂ ಅಲ್ಲ. ಖರೇ ಹೇಳ್ರಿ, ಹುಡುಗ ಹೆಂಗ?"

ಅವನು ಚಹಾದ ಕಪ್ಪು ಬಸಿ ಕೆಳಗಿಟ್ಟು, ನೆಟ್ಟಗೆ ಕುಂತು ಹೇಳಿದ.

"ಇವರು ಸಜ್ಜನರು. ಯಾರಿಗೂ ಕೇಡು ಬಯಸರು."

ನನಗೆ ಉಸಿರು ಬಂತು. ಅಷ್ಟಕ್ಕೇ ನಿಲ್ಲಿಸಬಾರದೇ?

"ಆದರೆ 'ಗೊತ್ತಿಲ್ಲ' ಎಂಬ ಮಾತು ಇವರ ಬಾಯಿಂದ ಬಾರದು. ಸವಣೂರಿನ ಮರವನ್ನು ನೆಟ್ಟವರು ಯಾರೆಂದು ಹೋಗುವಾಗ ಕೇಳಿದೆ. ಒಬ್ಬ ಅರಸನ ಹೆಸರು ಹೇಳಿದರು. ಬರುವಾಗ ಮತ್ತೆ ಕೇಳಿದೆ. ಬೇರೊಬ್ಬ ಅರಸನ ಹೆಸರು ಹೇಳಿದರು. ಎರಡು ಸಲವೂ ಬಹಳ ಧೈರ್ಯದಿಂದ ಹೇಳಿದರು."

ನಮ್ಮ ಅಪ್ಪ ತಲೆಯೆತ್ತಿ ಮೇಲಿನ ಜಂತಿ ನೋಡತೊಡಗಿದ. ಬಾಗಿಲ ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ತಿರುಗಿ ಬರುವಾಗ ಬಸ್ಸಿನಲ್ಲಿ ಜರ್ಮನಿ ಹುಡುಗ, "ಹಿರಿಯರೇ, ನಾನು ಸತ್ಯವನ್ನೇ ನುಡಿದೆನಲ್ಲವೇ?" ಎಂದು ಅಪ್ಪನನ್ನು ಕೇಳಿದ. "ನುಡಿದ್ಯಪಾ, ಒಂಚೂರೂ ಉಳಿಸಲಿಲ್ಲ" ಎಂದ ಅಪ್ಪ.

ಎಂಟು ದಿನ ನನಗೆ ಊಟ ಸೇರಲಿಲ್ಲ. ಒಂಬತ್ತನೇ ದಿನ ಒಪ್ಪಿಗೆಯ ಕಾಗದ ಬಂತು. ಲಗ್ನವಾದ ಮೇಲೆ ಹೆಂಡತಿಯನ್ನು ಕೇಳಿದೆ, ಅಷ್ಟೆಲ್ಲ ಕೇಳಿದ ಮೇಲೂ ನನ್ನನ್ನು ಯಾಕೆ ಒಪ್ಪಿದೆ ಎಂದು.

"ನೋಡಾಕ ಬಂದವರೆಲ್ಲಾ ಸುಳ್ಳು ಹೇಳಿಯೇ ಹೋಗಿದ್ರು. ಯಾವ ನಮೂನಿ ಸುಳ್ಳು ಅಂತ ಮೊದಲ ಗೊತ್ತಾಗಿದ್ದು ನಿಮ್ಮದೊಂದ."

ಅಬಲೂರಿನ ಕಲ್ಲು

ವರ್ಷ ಮುಗಿಯುತ್ತ ಬಂದಾಗ ಅವನ ಪ್ರೊಫೆಸರ್ ಜರ್ಮನಿಯಿಂದ ಬಂದರು. ಅರವತ್ತು ದಾಟಿದ ಹೆಣ್ಣುಮಗಳು, ದಪ್ಪ ಕನ್ನಡಕ, ಮಾತು ಕಡಿಮೆ. ಅವರು ಒಂದು ಚೀಟಿ ಬರೆದರೆ ಜರ್ಮನಿಯಲ್ಲಿ ಒಂದು ವರ್ಷ ಓದಲು ನನಗೂ ಸ್ಕಾಲರ್‌ಶಿಪ್ ಸಿಗುತ್ತದೆ ಎಂದು ಅವನು ಹೇಳಿದ್ದ. ಆ ವಾರ ನಾನು ಹೊಸ ಕೋಟು ಹೊಲಿಸಿದೆ, ಉಣ್ಣೆಯದು. ಶಿಗ್ಗಾಂವದ ಏಪ್ರಿಲ್ ತಿಂಗಳಲ್ಲಿ.

ಮೂವರೂ ಅಬಲೂರಿಗೆ ಹೋದೆವು. ಅವನು ಗುಡಿಯ ಒಳಗೆ ಶಾಸನ ನಕಲು ಮಾಡುತ್ತ ಕುಂತ. ಪ್ರೊಫೆಸರು ಹೊರಗೆ ಬಂದು, ಬೇಲಿಯ ಹತ್ತಿರ ಅರ್ಧ ನೆಲದಲ್ಲಿ ಹುಗಿದುಕೊಂಡಿದ್ದ ಒಂದು ಕಲ್ಲಿನ ಮುಂದೆ ನಿಂತು, ಇದೇನು ಎಂದು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು.

ಕಲ್ಲಿನ ಮೇಲೆ ಸವೆದ ಗೆರೆಗಳಿದ್ದವು. ನನಗೆ ಹಳೆಯ ಲಿಪಿಯ ಒಂದಕ್ಷರವೂ ಬರುತ್ತಿರಲಿಲ್ಲ. ಆದರೆ ವರ್ಷವಿಡೀ ಅವನು ಓದುವುದನ್ನು ಕೇಳಿ ಶಾಸನ ಹೇಗೆ ಶುರುವಾಗುತ್ತದೆ, ಹೇಗೆ ಮುಗಿಯುತ್ತದೆ ಎಂಬುದು ಕಿವಿಯಲ್ಲಿ ಉಳಿದಿತ್ತು. ಜರ್ಮನಿ ಕಣ್ಣ ಮುಂದೆ ಬಂತು. ಕೋಟಿನ ಗುಂಡಿ ಹಾಕಿಕೊಂಡು, ಗೆರೆಯ ಮೇಲೆ ಬೆರಳಾಡಿಸುತ್ತ, "ಸ್ವಸ್ತಿ ಶ್ರೀ..." ಎಂದು ಎತ್ತಿದೆ. ಮೊದಲನೇ ಸಾಲಿಗೆ ಒಬ್ಬ ರಾಜ ಬಂದ. ಎರಡನೇ ಸಾಲಿಗೆ ಅವನ ರಾಣಿ ಬಂದಳು. ಮೂರನೇ ಸಾಲಿನಲ್ಲಿ ರಾಣಿ ಕೆರೆಗೆ ಭೂಮಿ ಬಿಟ್ಟಳು. ಪ್ರತಿ ಸಾಲನ್ನೂ ಇಂಗ್ಲಿಷಿನಲ್ಲಿ ವಿವರಿಸಿದೆ. ಪ್ರೊಫೆಸರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಬೆರಗಾಗಿದ್ದಾರೆ ಎಂದುಕೊಂಡು ನಾನು ರಾಣಿಗೆ ಇಬ್ಬರು ತಮ್ಮಂದಿರನ್ನೂ ಕೊಟ್ಟೆ. ಅಷ್ಟರಲ್ಲಿ ಜರ್ಮನಿ ಹುಡುಗ ಗುಡಿಯಿಂದ ಹೊರಗೆ ಬಂದು ನಮ್ಮ ಹಿಂದೆ ನಿಂತ. ಊರಿನ ಹತ್ತೆಂಟು ಮಂದಿಯೂ ಸೇರಿದರು.

ಅವರೊಳಗಿಂದ ಒಬ್ಬ ರೈತ ಕೈಯಲ್ಲಿ ಕುಡಗೋಲು, ತಂಬಿಗೆ ನೀರು ಹಿಡಿದು ಮುಂದೆ ಬಂದ. "ಒಂಚೂರು ಆಕಡೆ ಸರೀರಿ ಸರ" ಎಂದು ನನ್ನನ್ನು ಸರಿಸಿ, ಕುಕ್ಕರುಗಾಲಲ್ಲಿ ಕುಂತು, ಕಲ್ಲಿಗೆ ನೀರು ಚಿಮುಕಿಸಿ, ರಾಣಿಯ ತಮ್ಮಂದಿರ ಮೇಲೆ ಸರಕ್ ಸರಕ್ ಎಂದು ಕುಡಗೋಲು ಮಸೆಯತೊಡಗಿದ.

"ಏ! ಏ!" ಎಂದು ಚೀರಿದೆ. "ಶಾಸನ ಹಾಳು ಮಾಡಬ್ಯಾಡೋ! ರಾಜರು ಕೆತ್ತಿಸಿದ್ದದು!"

ಅವನು ಮಸೆಯುವುದನ್ನು ನಿಲ್ಲಿಸಿ, ಕಲ್ಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ಯಾವ ರಾಜರ್‍ರಿ? ಶಾಸನದ ಕಲ್ಲು ಗುಡಿ ಒಳಗ ಅದಾವ. ಇದು ಮಸಿಯೂ ಕಲ್ಲು. ಆ ಮ್ಯಾಲಿನ ಸಾಲು ನಮ್ಮಪ್ಪನ ಕೊಡಲೀದು. ನಡಕಿಂದು ನಮ್ಮ ಕಾಕಾನ ಕುಡಗೋಲಿಂದು. ನೀವು ಈಗ ಓದಾಕತ್ತಿದ್ರಲ್ಲ, ಅದು ನಂದು."

ಊರಿನ ಮಂದಿ ಹೊಟ್ಟೆ ಹಿಡಿದುಕೊಂಡರು. ಉಣ್ಣೆಯ ಕೋಟಿನೊಳಗೆ ನನಗೆ ಬೆವರು ಇಳಿಯಿತು. ಪ್ರೊಫೆಸರು, ರೈತ ಏನೆಂದ ಎಂದು ತಮ್ಮ ಶಿಷ್ಯನನ್ನು ಕೇಳಿದರು. ಶಿಷ್ಯ ಪ್ರಾಮಾಣಿಕ, ಒಂದು ಮಾತೂ ಬಿಡದೆ ಹೇಳಿದ. ಆ ಹೆಣ್ಣುಮಗಳು ಬಿದ್ದು ಬಿದ್ದು ನಗುತ್ತ ಗುಡಿಯ ಮೆಟ್ಟಿಲ ಮೇಲೆ ಕುಂತುಬಿಟ್ಟರು. ಕಣ್ಣೊರೆಸಿಕೊಂಡು ನನ್ನ ಕಡೆ ಕೈಮಾಡಿ ತಮ್ಮ ಭಾಷೆಯಲ್ಲಿ ಏನೋ ಹೇಳಿದರು.

"ಏನಂದ್ರು? ಸ್ಕಾಲರ್‌ಶಿಪ್ ಸುದ್ದಿ ಏನರ..." ಎಂದೆ.

ಅವನು ಕೈಮುಗಿದ.

"ಗುರುಗಳೇ, ಅವರು ಮೂವತ್ತು ವರ್ಷಗಳಿಂದ ಶಾಸನಗಳನ್ನು ಓದುತ್ತಿದ್ದಾರೆ. ಅಕ್ಷರವಿರುವ ಕಲ್ಲನ್ನೇ ತಡವರಿಸದೆ ಓದುವುದು ಅವರಿಗೆ ಇನ್ನೂ ಸಾಧ್ಯವಾಗಿಲ್ಲವಂತೆ. ಅಕ್ಷರವೇ ಇಲ್ಲದ ಕಲ್ಲನ್ನು ಇಷ್ಟು ಸರಾಗವಾಗಿ ಓದುವ ತಮಗೆ ಜರ್ಮನಿಯಲ್ಲಿ ಕಲಿಸುವವರು ಯಾರೂ ಇಲ್ಲವಂತೆ."