ಎರಡು ಹೋರಿ, ಮೂರು ಎತ್ತು, ಒಬ್ಬ ಗೋಲ್‌ಕೀಪರ್

ತತ್ವದ ಮಾತನ್ನು ಜೋರಾಗಿ ಆಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಈ ಅನುಮಾನ ಬೇರೆಯವರನ್ನು ನೋಡಿ ಬಂದದ್ದಲ್ಲ, ನನ್ನನ್ನೇ ನೋಡಿಕೊಂಡು ಬಂದದ್ದು. ಮದುವೆಯ ಪಂಕ್ತಿಯಲ್ಲಿ ‘ಅನ್ನ ಕೆಡಿಸಬಾರದು, ಪಾಪ ಬರ್ತೈತಿ’ ಎಂದು ಪಕ್ಕದವನಿಗೆ ಬುದ್ಧಿ ಹೇಳಿ, ಅವನ ಎಲೆಯ ಮೇಲೆ ಉಳಿದಿದ್ದ ಹೋಳಿಗೆಯನ್ನು ನನ್ನ ಎಲೆಗೆ ದಾಟಿಸಿಕೊಂಡ ಮಹಾನುಭಾವ ನಾನು. ಶಾಲೆಯಲ್ಲಿ ಸಮಯಪಾಲನೆಯ ಮಹತ್ವದ ಬಗ್ಗೆ ನಾನು ಮಾತಾಡಿದ್ದೆಲ್ಲ ನನಗೆ ಕುಂದಗೋಳದ ಬಸ್ಸು ಹಿಡಿಯುವ ಅವಸರವಿದ್ದ ದಿನಗಳಲ್ಲೇ. ಹೀಗಿರುವಾಗ, ಹೋದ ವರ್ಷ ನಮ್ಮೂರಿನ ಚಹಾದಂಗಡಿಯಲ್ಲಿ ಎರಡು ದಿನ ಒಂದಾದ ಮೇಲೊಂದು ಎರಡು ಭಾಷಣ ಮಾಡಿದೆ. ಒಂದಕ್ಕೊಂದು ಪೂರಾ ವಿರುದ್ಧ. ಎರಡಕ್ಕೂ ಕಣ್ಣಲ್ಲಿ ನೀರು ತಂದುಕೊಂಡಿದ್ದೆ. ಅದನ್ನು ಹೇಳಿಕೊಂಡುಬಿಟ್ಟರೆ ಮನಸ್ಸು ಹಗುರಾದೀತು ಎಂದು ಬರೆಯುತ್ತಿದ್ದೇನೆ.

ನನಗೀಗ ನಲವತ್ತೇಳು. ಪ್ರಾಥಮಿಕ ಶಾಲೆಯ ಮಾಸ್ತರ. ಅದರ ಜೊತೆಗೆ ನಮ್ಮೂರಿನ ಹಾಕಿ ತಂಡದ ಗೋಲ್‌ಕೀಪರ್. ಇಪ್ಪತ್ತೈದರಲ್ಲಿ ಮುಂದಿನ ಸಾಲಿನಲ್ಲಿ ಆಡುತ್ತಿದ್ದೆ, ಮೂವತ್ತೈದಕ್ಕೆ ಹಿಂದಿನ ಸಾಲಿಗೆ ಬಂದೆ, ನಲವತ್ತಕ್ಕೆ ಗೋಲ್‌ಕಂಬಕ್ಕೆ ಬೆನ್ನು ಹಚ್ಚಿ ನಿಂತೆ. ಇನ್ನೂ ಹಿಂದೆ ಸರಿದರೆ ಕಡಲೆ ಹೊಲ. ಹಾಗಾಗಿ ಆ ಜಾಗ ನನಗೆ ಎಷ್ಟು ಮುಖ್ಯ ಎಂಬುದನ್ನು ನೀವೇ ಊಹಿಸಿಕೊಳ್ಳಿ. ಶಾಲೆಯಲ್ಲಿ ಹೆಡ್‌ಮಾಸ್ತರರು ನನ್ನ ಮಾತು ಕೇಳುವುದಿಲ್ಲ, ಮನೆಯಲ್ಲಿ ಹೆಂಡತಿ ಗಿರಿಜಾ ಕೇಳುವುದಿಲ್ಲ. ಪ್ಯಾಡು ಕಟ್ಟಿಕೊಂಡು ಗೋಲಿನ ಮುಂದೆ ನಿಂತು ‘ಲೇ, ಎಡಕ್ಕ ಸರೀರಿ!’ ಎಂದರೆ ಮಾತ್ರ ಹತ್ತು ಜನ ಎಡಕ್ಕೆ ಸರಿಯುತ್ತಾರೆ. ಆ ಪ್ಯಾಡುಗಳನ್ನು ಗಿರಿಜಾ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಅವು ಮಾಳಿಗೆಯ ಮೇಲೆ ಒಣಮೆಣಸಿನಕಾಯಿಯ ಬಾಜುವಿಗೆ ಬಿದ್ದಿರುತ್ತವೆ. ನಾನು ಪಂದ್ಯದ ನಡುವೆ ಕಾಲು ಕೆರೆದುಕೊಳ್ಳುವಾಗ ಒಂದೆರಡು ಗೋಲು ಆಗಿದ್ದರೆ ಅದಕ್ಕೆ ಕಾರಣ ಆ ಖಾರವೇ ಹೊರತು ನನ್ನ ವಯಸ್ಸಲ್ಲ.

ನಮ್ಮೂರಿಗೆ ಹಾಕಿ ತಂದವರು ಒಬ್ಬ ದೈಹಿಕ ಶಿಕ್ಷಕರು. ಗದಗಿನ ಕಡೆಯಿಂದ ವರ್ಗವಾಗಿ ಬರುವಾಗ ಹಾಸಿಗೆಯ ಸುರುಳಿಯೊಳಗೆ ಆರು ಸ್ಟಿಕ್ಕು ಕಟ್ಟಿಕೊಂಡು ಬಂದಿದ್ದರು, ವರ್ಗವಾಗಿ ಹೋಗುವಾಗ ಹಾಸಿಗೆಯನ್ನಷ್ಟೇ ಒಯ್ದರು. ನಮ್ಮದು ಎರೆಮಣ್ಣಿನ ನೆಲ. ಚಳಿಗಾಲ ಕಳೆಯಿತೋ ಇಲ್ಲವೋ ಮೈದಾನದ ತುಂಬ ಬಿರುಕು. ಚೆಂಡು ಗೋಲಿಗೆ ಹೋದದ್ದಕ್ಕಿಂತ ಭೂಮಿಯೊಳಗೆ ಇಳಿದದ್ದೇ ಹೆಚ್ಚು. ಬಿರುಕಿಗೆ ಕೈಹಾಕಿ ಚೆಂಡು ತೆಗೆಯಲು ಉದ್ದ ತೋಳಿನವನೊಬ್ಬ ಬೇಕು. ಆ ಕೆಲಸ ಮೌಲಾ ಎಂಬ ಹುಡುಗನದು. ಬಿರುಕನ್ನು ನೋಡದೆಯೇ ದಾಟಿ ಓಡುವವನು ಅವನ ಜೋಡಿ ಮಲ್ಲೇಶಿ. ಇಬ್ಬರಿಗೂ ಹತ್ತೊಂಬತ್ತು, ಇಬ್ಬರೂ ನನ್ನ ಕೈಯಲ್ಲೇ ಮಗ್ಗಿ ಕಲಿತವರು. ಒಬ್ಬ ಚೆಂಡು ಕೊಟ್ಟರೆ ಇನ್ನೊಬ್ಬ ಗೋಲು ಹೊಡೆಯುತ್ತಾನೆ. ನಮ್ಮ ತಂಡವೆಂದರೆ ಅವರಿಬ್ಬರು, ಉಳಿದ ನಾವು ಹನ್ನೊಂದು ಭರ್ತಿ ಮಾಡಲಿಕ್ಕೆ ಇರುವವರು.

ತಂಡದ ಅಧ್ಯಕ್ಷರು ಗುರುಸಿದ್ದಪ್ಪ ಕಾಕಾ. ಅವರಿಗೆ ಹಾಕಿ ಗೊತ್ತಿಲ್ಲ. ಅವರದು ದನದ ದಲಾಲಿ. ಎತ್ತು ಸಾಗಿಸುವ ಅವರ ಟೆಂಪೊದಲ್ಲೇ ನಾವು ಪಂದ್ಯಕ್ಕೆ ಹೋಗುವುದರಿಂದ ಅಧ್ಯಕ್ಷಗಿರಿ ಅವರದೇ. ಹೋದ ವರ್ಷ ನವಲಗುಂದದ ಪಂದ್ಯಾವಳಿಗೆ ಇನ್ನು ಮೂರು ವಾರ ಇರುವಾಗ ಕಾಕಾ ಈರಣ್ಣನ ಚಹಾದಂಗಡಿಗೆ ಬಂದವರೇ ಬೆಂಚಿನ ಮೇಲೆ ಕೂತು ಹೇಳಿದರು: “ದುಮ್ಮವಾಡದವರು ಫೋನ್ ಮಾಡಿದ್ರು. ನಮ್ಮ ಮಲ್ಲೇಶಿನ್ನೂ ಮೌಲಾನ್ನೂ ಅವರಿಗಿ ಕೊಟ್ರ, ಅವರು ತಮ್ಮ ಮೂರು ಮಂದಿ ಹಳೇ ಆಟಗಾರರನ್ನ ಕೊಡ್ತಾರಂತ. ಎರಡು ಹೋರಿಗೆ ಮೂರು ಎತ್ತು. ಅದೂ ಅಗದಿ ಪಳಗಿದ್ವು. ಏನಂತೀರಿ?”

ನವಲಗುಂದದವರ ನಿಯಮ ಸರಳ. ಯಾರು ಯಾವ ಊರಿನ ಪರವಾಗಿಯಾದರೂ ಆಡಬಹುದು, ಆದರೆ ಒಮ್ಮೆ ಹೆಸರು ಬರೆಸಿದರೆ ಮೂರು ವರ್ಷ ಆ ಊರಿನವರೇ. ಅಂದರೆ ಹುಡುಗರು ಹೋದರೆ ಮೂರು ವರ್ಷ ಹೋದಂತೆಯೇ. ನಮ್ಮ ತಂಡವಾದರೋ ಅಲ್ಲಿ ಇದುವರೆಗೆ ಮೊದಲ ಸುತ್ತು ದಾಟಿಲ್ಲ. ಕಾಕಾನ ತರ್ಕ ಹೀಗಿತ್ತು: “ಬಿತ್ತಿಗಿ ಎದುರಿಗೆ ಬಂದು ನಿಂತಾಗ ಹೋರಿ ಪಳಗಿಸಿಕೋತ ಕುಂಡ್ರಬಾರದು. ಕೊಟ್ಟು ಎತ್ತು ತಂದು ಹೂಡಿಬಿಡಬೇಕು.” ಈರಣ್ಣ ಚಹಾ ಸೋಸುತ್ತಾ, “ಮೂರು ಎತ್ತು ಯಾವ್ಯಾವ್ರಿ ಕಾಕಾ?” ಎಂದ. ಒಬ್ಬ ಲೈನ್‌ಮನ್, ಮುಂದಿನ ಸಾಲಿನವನು. ಇನ್ನೊಬ್ಬ ಬಸ್ ಕಂಡಕ್ಟರ್, ಹಿಂದಿನ ಸಾಲಿನವನು. “ಮೂರನೇದವರು ಮಿಲಿಟರಿಯಿಂದ ರಿಟೈರ್ ಆದವರು. ಗೋಲ್‌ಕೀಪರ್” ಎಂದರು ಕಾಕಾ. ನನ್ನ ಕೈಯಲ್ಲಿದ್ದ ಚಹಾ ಅಲ್ಲೇ ತಣ್ಣಗಾಯಿತು.

ಆದರೆ ಮೊದಲ ಒಂದು ತಾಸು ಚರ್ಚೆ ನಡೆದದ್ದು ಬೇರೆಯೇ ವಿಷಯಕ್ಕೆ. ನಮ್ಮ ಕಡೆ ಎತ್ತು ಮಾರಿದರೆ ಅದರ ಹಗ್ಗ ಕೊಡುವುದಿಲ್ಲ. ಹಗ್ಗ ಕೊಟ್ಟರೆ ಮನೆಯ ಲಕ್ಷ್ಮಿಯೂ ಅದರ ಹಿಂದೆ ಹೋಗುತ್ತಾಳೆ ಎಂದು ನಂಬಿಕೆ. ಕೊಂಡವನೇ ತನ್ನ ಹಗ್ಗ ತರಬೇಕು. “ಹಂಗಾರ ಹುಡುಗೂರ ಸ್ಟಿಕ್ ಏನ್ ಮಾಡೂದು?” ಎಂದು ಕಾಕಾ ಗಂಭೀರವಾಗಿ ಕೇಳಿದರು. “ಹುಡುಗೂರನ್ನ ಕೊಡೂಣು, ಸ್ಟಿಕ್ ಕೊಡೂದು ಬ್ಯಾಡ.” ಮೂಲೆಯಲ್ಲಿ ಕೂತಿದ್ದ ಮಲ್ಲೇಶಿ, “ಕಾಕಾ, ಆ ಸ್ಟಿಕ್ ನಾ ಸ್ವಂತ ರೊಕ್ಕಾ ಕೊಟ್ಟು ತೊಗೊಂಡದ್ದು” ಎಂದ. “ಹೋರಿ ನಡುವ ಮಾತಾಡಬಾರದಲೇ” ಎಂದು ಕಾಕಾ ಗದರಿಸಿದರು. ಕೊನೆಗೆ ಸ್ಟಿಕ್ಕು ಇಲ್ಲೇ ಉಳಿಯಬೇಕು, ಬೂಟು ಮಾತ್ರ ಒಯ್ಯಬಹುದು ಎಂದು ತೀರ್ಮಾನವಾಯಿತು. ಹುಡುಗರು ಹೋಗಬೇಕೋ ಬೇಡವೋ ಎಂಬುದು ಮಾತ್ರ ಹಾಗೆಯೇ ಉಳಿಯಿತು.

ಹೂಡಿ ನೋಡದೆ ಕಾಕಾ ಎತ್ತು ಕೊಂಡವರಲ್ಲ. ಮರುದಿನ ಬೆಳಿಗ್ಗೆ ದುಮ್ಮವಾಡದ ಮೂವರನ್ನೂ ಟೆಂಪೊದಲ್ಲಿ ಕರೆಸಿದರು. ಮೂವರ ಸುತ್ತಲೂ ಒಂದು ಸುತ್ತು ಬಂದು, ಬೆನ್ನು ತಟ್ಟಿ, ಮೊಣಕಾಲು ಒತ್ತಿ ನೋಡಿ, ರೂಢಿಯ ಬಲದಿಂದ ಲೈನ್‌ಮನ್‌ಗೆ “ಎಲ್ಲಿ, ಬಾಯಿ ತೆಗೀರಿ ನೋಡೂಣು” ಎಂದುಬಿಟ್ಟರು. ಅವನೂ ಪಾಪ, ಇದು ನಮ್ಮೂರಿನ ಪದ್ಧತಿ ಇರಬೇಕೆಂದು ಬಾಯಿ ತೆರೆದ. ಆಮೇಲೆ ಆಟ ಶುರುವಾಯಿತು. ನಮ್ಮ ಹುಡುಗರು ಮಿಲಿಟರಿಯವರ ಗೋಲಿಗೆ ಹತ್ತು ಚೆಂಡು ಹೊಡೆದರು. ಅವರು ಒಂದಿಷ್ಟೂ ಗಡಿಬಿಡಿ ಮಾಡದೆ, ಬಾಗಿಲಿಗೆ ಬಂದ ನೊಣ ಹೊಡೆದಂತೆ ಒಂಬತ್ತನ್ನು ಹೊರಗೆ ಕಳಿಸಿದರು. ಲೈನ್‌ಮನ್ ನನ್ನ ಗೋಲಿಗೆ ಹತ್ತು ಹೊಡೆದ. ಎರಡನ್ನು ನಾನು ತಡೆದೆ. ಖರೆ ಹೇಳಬೇಕೆಂದರೆ ಒಂದನ್ನು ನಾನು ತಡೆದೆ, ಇನ್ನೊಂದನ್ನು ಬಿರುಕು ತಡೆಯಿತು.

ಆ ಸಂಜೆ ಅಂಗಡಿಯಲ್ಲಿ ನನ್ನ ಮೊದಲನೆಯ ಭಾಷಣ. “ಕಾಕಾ, ಇವರು ಹೋರಿ ಅಲ್ರಿ, ಊರ ಮಕ್ಕಳು! ಬೀಜದ ಜ್ವಾಳ ಬೀಸಿ ರೊಟ್ಟಿ ಮಾಡಿಕೊಂಡು ತಿಂದ್ರ, ಬರೂ ವರ್ಷ ಬಿತ್ತೂದೇನು? ಒಂದು ಕಪ್ಪಿನ ಸಲುವಾಗಿ ನಮ್ಮ ನಾಳಿನ ದಿನಗಳನ್ನ ಪರ ಊರಿಗೆ ಕೊಡೂದಾ?” ಹೇಳುತ್ತಲೇ ಕಣ್ಣಲ್ಲಿ ನೀರು ತಂದುಕೊಂಡೆ. ಈರಣ್ಣ ಲೋಟ ಒರೆಸುವ ಅರಿವೆಯಿಂದಲೇ ಕಣ್ಣು ಒರೆಸಿಕೊಂಡ. ಕಾಕಾ, “ಮಾಸ್ತರ ಮಾತು ಖರೇ ಐತಿ. ಬ್ಯಾಡ ಅಂತ ಹೇಳಿಬಿಡೂಣು” ಎಂದರು. ನಾನು ಎದೆಯುಬ್ಬಿಸಿಕೊಂಡು ಮನೆಗೆ ಬಂದು ಎಲ್ಲವನ್ನೂ ಗಿರಿಜಾಗೆ ವರ್ಣಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಮೂರನೇದವರು ಏನ್ ಆಡ್ತಾರ ಅಂದ್ರಿ?” ಎಂದಳು. “ಗೋಲ್‌ಕೀಪರ್” ಎಂದೆ. “ಹಾಂ” ಎಂದು ರೊಟ್ಟಿಯನ್ನು ಹಂಚಿಗೆ ಹಾಕಿದಳು. ಜಗಳವಾಡಿದ್ದರೆ ಎಷ್ಟೋ ಬೇಸಿತ್ತು.

ಮರುದಿನ ಶಾಲೆ ಬಿಟ್ಟ ಮೇಲೆ ಅಂಗಡಿಗೆ ಹೋದರೆ ಕಾಕಾ ಹೊಸ ಸುದ್ದಿಯೊಂದಿಗೆ ಕಾದಿದ್ದರು. ದುಮ್ಮವಾಡದವರು ಮತ್ತೆ ಫೋನ್ ಮಾಡಿದ್ದರಂತೆ. ಮಿಲಿಟರಿಯವರ ಮಗಳ ಮದುವೆಯಂತೆ, ಅವರು ಬರುವುದಾಗುವುದಿಲ್ಲವಂತೆ. ಲೈನ್‌ಮನ್ನು, ಕಂಡಕ್ಟರು ಇಬ್ಬರನ್ನೇ ಕೊಡುತ್ತಾರಂತೆ. ಎರಡಕ್ಕೆ ಎರಡು. “ಈಗೇನ್ ಹೇಳೂಣ್ರಿ ಮಾಸ್ತರ?”

ನೋಡಿ, ಇಲ್ಲಿಯೇ ನನಗೆ ನನ್ನ ಪರಿಚಯವಾದದ್ದು. ಒಂದು ಗುಟುಕು ಚಹಾ ಕುಡಿಯುವಷ್ಟರಲ್ಲಿ ಅನುಭವಿ ಆಟಗಾರರ ಮಹತ್ವ ನನಗೆ ಹೊಳೆದುಬಿಟ್ಟಿತ್ತು. ಎದ್ದು ನಿಂತು ಎರಡನೆಯ ಭಾಷಣ ಸುರು ಮಾಡಿದೆ. “ಕಾಕಾ, ಹುಡುಗೂರ ಮ್ಯಾಲಿನ ಮಾಯಾದಾಗ ನಾವು ಅವರ ಏಳಿಗಿಗೇ ಅಡ್ಡ ಬರಬಾರದು. ಮೆಣಸಿನ ಅಗಿ ಮಡಿಯೊಳಗ ಬಿಟ್ರ ಕಾಯಿ ಬಿಡ್ತೈತೇನು? ಕಿತ್ತು ಬ್ಯಾರೆ ಕಡೆ ಹಚ್ಚಬೇಕು! ನಾಕು ಊರ ನೀರು ಕುಡೀಲಿ. ನಮಗೂ ಎರಡು ಅನುಭವದ ತಲಿ ಬಂದಂಗಾತು.” ಇವತ್ತೂ ಕಣ್ಣು ತುಂಬಿ ಬಂದವು. ಈರಣ್ಣ ಮಾತ್ರ ಇವತ್ತು ಅರಿವೆಯಿಂದ ಲೋಟವನ್ನಷ್ಟೇ ಒರೆಸಿದ.

ಮೌಲಾನ ಜೊತೆ ಮೂಲೆಯಲ್ಲಿ ಕೂತಿದ್ದ ಮಲ್ಲೇಶಿ ಮೆಲ್ಲಗೆ ಕೇಳಿದ: “ಸರ, ನಿನ್ನಿ ನಾವು ಬೀಜದ ಜ್ವಾಳ ಇದ್ವಿ. ಒಂದ ದಿನದಾಗ ಮೆಣಸಿನ ಅಗಿ ಹೆಂಗಾದ್ವಿ?”

ಕಾಕಾ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಮಾಸ್ತರ, ಮದುವಿ ಗಿದುವಿ ಏನಿಲ್ರಿ. ನಿಮ್ಮ ಮನಸ್ಸ ನೋಯಿಸಬಾರದಂತ ನಾನ ಸುಳ್ಳು ಹೇಳಿದ್ನಿ. ನಿನ್ನಿ ಅವರು ನಿಮ್ಮ ಆಟ ನೋಡಿ ಹೋದ್ರಲ್ಲ, ಊರಿಗೆ ಹೋಗಿ ವಿಚಾರ ಮಾಡ್ಯಾರ. ‘ನವಲಗುಂದದಾಗ ನಾವು ನಿಮ್ಮ ಎದುರಿಗೂ ಆಡಬೇಕಾಗ್ತೈತಿ. ನಿಮ್ಮ ಗೋಲ್‌ನ್ಯಾಗ ಮಾಸ್ತರ್ರ ಇರ್ಲಿ. ಅವರು ಅಲ್ಲಿದ್ರ ನಮಗ ಒಬ್ಬ ಆಟಗಾರ ಹೆಚ್ಚಿಗಿ ಇದ್ದಂಗ’ ಅಂತ ಅಂದ್ರು.”

ನಾನು ಕೂತೆ. ಆಗ ಮೌಲಾ ಮಾತಾಡಿದ. ಅವನು ಮಾತಾಡುವವನಲ್ಲ, ಹಾಜರಿ ಕೂಗಿದರೂ ಕೈಯೆತ್ತಿಯೇ ಹೇಳುತ್ತಿದ್ದ ಹುಡುಗ. “ಸರ, ಸಿಟ್ಟಾಗಬ್ಯಾಡ್ರಿ. ಊರು ಬಿಡಾಕ ನಮಗ ಮನಸಿಲ್ರಿ. ಆದ್ರ ನಾವು ನಾಕು ಹೊಡೀತೇವಿ, ನೀವು ಐದು ಬಿಡ್ತೀರಿ. ಮೂರು ವರ್ಷಾತ್ರಿ ಹಿಂಗ. ಅಲ್ಲಿ ಹೋದ್ರ ಹೊಡೆದದ್ದು ಉಳಿದೀತು ಅನಸ್ತೈತಿ.” ಲೆಕ್ಕ ಸರಿಯಾಗಿತ್ತು. ಕಲಿಸಿದವನು ನಾನೇ. ಸುಳ್ಳು ಹೇಳುವುದಿಲ್ಲ, ನನಗೆ ಅಳು ಬಂತು. ಆ ಎರಡು ದಿನಗಳಲ್ಲಿ ನಾನಾಗಿ ತಂದುಕೊಳ್ಳದ ಕಣ್ಣೀರು ಅದೊಂದೇ. ಈ ಹುಡುಗರು ಬಿರುಕು ಹಾರಿ, ಮೊಣಕೈ ತರಚಿಸಿಕೊಂಡು ಗಳಿಸಿದ್ದನ್ನೆಲ್ಲ ನಾನು ಹಿಂದೆ ನಿಂತು ಕಳೆಯುತ್ತ ಬಂದಿದ್ದೆ. ಕಳೆದದ್ದಲ್ಲದೆ, ಎಡಕ್ಕೆ ಸರೀರಿ ಎಂದು ಅವರನ್ನೇ ಬೈದಿದ್ದೆ.

“ಯಾರೂ ಎಲ್ಲೂ ಹೋಗೂದು ಬ್ಯಾಡ. ಗೋಲ್ ನಾನ ಬಿಡ್ತೇನಿ” ಎಂದೆ.

ಇಲ್ಲಿ ಓದುಗರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಊಟಕ್ಕೆ ಕರೆದರೆ ಮೊದಲ ಸಲ ‘ಬ್ಯಾಡ್ರಿ’ ಎನ್ನಬೇಕು, ಎರಡನೆಯ ಸಲ ‘ಈಗ ಆಗೇತ್ರಿ’ ಎನ್ನಬೇಕು, ಮೂರನೆಯ ಸಲಕ್ಕೆ ಕೈ ತೊಳೆದುಕೊಳ್ಳಬೇಕು. ರಾಜೀನಾಮೆಗೂ ಅದೇ ಪದ್ಧತಿ ಎಂದು ನಾನು ತಿಳಿದಿದ್ದೆ. ‘ಛೇ ಛೇ, ಹಂಗ ಅನಬ್ಯಾಡ್ರಿ ಮಾಸ್ತರ’ ಎಂದು ಒಬ್ಬರಾದರೂ ಅಂದಾರು, ಎರಡನೆಯ ಸಲ ಅಂದಾಗ ನಿಟ್ಟುಸಿರು ಬಿಡೋಣ, ಮೂರನೆಯ ಸಲಕ್ಕೆ ಊರಿನ ಒತ್ತಾಯಕ್ಕೆ ಮಣಿಯೋಣ ಎಂದು ತಲೆ ತಗ್ಗಿಸಿ ಕಾದೆ. ಕಾಕಾ ಗಂಟಲು ಸರಿಮಾಡಿಕೊಂಡರು. ಬಂತು ಎಂದುಕೊಂಡೆ. “ಪ್ಯಾಡ್ ಎಲ್ಲಿ ಅದಾವ್ರಿ?” ಎಂದರು.

ಈರಣ್ಣ ಆಗಲೇ ಕೆಟಲಿ ಕೆಳಗಿಟ್ಟು, ಕೈ ಒರೆಸಿಕೊಂಡು, “ನಾ ನಿಂದರ್ತೇನ್ರಿ, ನೋಡೂಣು” ಎಂದು ಅಂಗಡಿಯಿಂದ ಹೊರಗೆ ಬಂದಿದ್ದ. ಅವನ ಅಗಲಕ್ಕೆ ಅರ್ಧ ಗೋಲು ತಾನಾಗಿಯೇ ಮುಚ್ಚುತ್ತಿತ್ತು ಎಂಬುದು ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ ನನ್ನ ಮುಂದೆ ಹೇಳಿರಲಿಲ್ಲ. ಪ್ಯಾಡು ತರಲು ಎಲ್ಲರೂ ಮೆರವಣಿಗೆಯಂತೆ ನಮ್ಮ ಮನೆಗೆ ಬಂದೆವು. ಪ್ಯಾಡುಗಳು ಮಾಳಿಗೆಯ ಮೇಲೆ ಇರಲಿಲ್ಲ. ಖಾರ ಜಾಡಿಸಿ, ಹಗ್ಗದಿಂದ ಕಟ್ಟಿ, ತಲಬಾಗಿಲಲ್ಲೇ ಇಟ್ಟಾಗಿತ್ತು. “ಯಾರರ ಕೇಳಕೋತ ಬರ್ತಾರಂತ ನಿನ್ನೇನ ಇಳಿಸಿ ಇಟ್ಟೇನ್ರಿ” ಎಂದಳು ಗಿರಿಜಾ, ಕಾಕಾನ ಕಡೆ ನೋಡಿ.

ನವಲಗುಂದದಲ್ಲಿ ನಮಗೆ ಮೊದಲ ಪಂದ್ಯ ದುಮ್ಮವಾಡದ ಮೇಲೆಯೇ ಬಂತು. ಮಲ್ಲೇಶಿ ಎರಡು ಹೊಡೆದ, ಮೌಲಾ ಒಂದು ಹೊಡೆದ, ಮೂರು-ಒಂದರಿಂದ ನಾವು ಗೆದ್ದು ಮೊದಲ ಬಾರಿ ಎರಡನೆಯ ಸುತ್ತಿಗೆ ಹೋದೆವು. ಪಂದ್ಯ ಮುಗಿದ ಮೇಲೆ ಹುಡುಗರಿಬ್ಬರೂ ಓಡಿಬಂದು ನನ್ನ ಕಾಲು ಮುಟ್ಟಿದರು. ಊರಿನವರೆಲ್ಲ ನನ್ನ ತ್ಯಾಗವನ್ನು ಹೊಗಳಿದರು. ಕಾಕಾ, “ಮಾಸ್ತರಂಥಾ ದೊಡ್ಡ ಮನಸಿನ ಮನುಷ್ಯಾ ಸಿಗೂದಿಲ್ಲ” ಎಂದು ಟೆಂಪೊದ ತುಂಬ ಸಾರಿದರು. ನಾನು ತಲೆ ಬಾಗಿಸಿ ಎಲ್ಲವನ್ನೂ ಸ್ವೀಕರಿಸಿದೆ. ಪಂದ್ಯ ನೋಡಲು ಬಂದು ನನ್ನ ಪಕ್ಕದಲ್ಲೇ ಕೂತಿದ್ದ ಗಿರಿಜಾ ಮಾತ್ರ ಬಾಯಿ ಬಿಡಲಿಲ್ಲ. ಆ ಪುಣ್ಯಾತಗಿತ್ತಿಗೆ ನಾನು ಜೀವನಪರ್ಯಂತ ಋಣಿ. ಏಕೆಂದರೆ ದುಮ್ಮವಾಡದವರ ಆ ಒಂದೇ ಒಂದು ಗೋಲು ಈರಣ್ಣನ ಎರಡು ಕಾಲುಗಳ ನಡುವೆ ನುಸುಳಿ ಒಳಗೆ ಹೋದಾಗ, ನಮ್ಮೂರಿನವರೆಲ್ಲ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ, ಅವಳು ನನ್ನ ಅಂಗಿ ಹಿಡಿದು ಜಗ್ಗಿ, “ಕುಂಡ್ರ್ರಿ ಸುಮ್ನ, ಮಂದಿ ನೋಡ್ತಾರ, ಚಪ್ಪಾಳಿ ನಿಲ್ಲಸ್ರಿ” ಎಂದಿದ್ದಳು.